ಪ್ರಾತ್ಯಕ್ಷಿಕ ಭಾಷಣ: ಸಿದ್ಧತೆ ಹಾಗೂ ನಿರೂಪಣೆ

ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ನಮ್ಮ ತರಗತಿಗಳಲ್ಲಿ ಬಹುಪಾಲು ನಡೆಯುವುದು ಶಬ್ದಪ್ರಮಾಣದ ವ್ಯವಹಾರವೇ. ಗುರುಗಳು ಹೇಳುತ್ತಾರೆ, ಶಿಷ್ಯನು ನಂಬುತ್ತಾನೆ. ಭಾಷಣಸ್ಪರ್ಧೆಯಲ್ಲಿಯೂ ಇದೇ ಕ್ರಮ. ಹಿರಿಯರು ಬರೆದುಕೊಟ್ಟುದನ್ನು ಬಾಲಕನು ಕಂಠಪಾಠ ಮಾಡಿ ಒಪ್ಪಿಸುತ್ತಾನೆ. ನಡುವೆ ಒಂದು ವಾಕ್ಯ ಮರೆತರೆ ಮುಂದಿನದೆಲ್ಲವೂ ಕಳಚಿಬೀಳುತ್ತದೆ. ಆ ಮಾತಿನ ಹಿಂದೆ ಅವನದೇ ಆದ ಅನುಭವದ ಆಧಾರವಿಲ್ಲದಿರುವುದೇ ಇದಕ್ಕೆ ಕಾರಣ.

ಈ ಕೊರತೆಯನ್ನು ತುಂಬಬಲ್ಲ ಸಾಧನ ಪ್ರಾತ್ಯಕ್ಷಿಕ ಭಾಷಣ. ಒಂದು ಕೆಲಸವನ್ನು ಸಭೆಯ ಕಣ್ಣೆದುರಿಗೆ ಮಾಡುತ್ತ, ಅದರ ಕ್ರಮವನ್ನೂ ಕಾರಣವನ್ನೂ ವಿವರಿಸುವುದೇ ಇದರ ಲಕ್ಷಣ. ಸಂಗೀತದಲ್ಲಿ ಸೋದಾಹರಣ ಉಪನ್ಯಾಸವೆಂದೂ ಯಕ್ಷಗಾನದಲ್ಲಿ ಪ್ರಾತ್ಯಕ್ಷಿಕೆಯೆಂದೂ ಪ್ರಸಿದ್ಧವಾದುವು ಇದರ ಬಂಧುಗಳೇ. ಇಲ್ಲಿ ಬಾಯಿ ಹೇಳಿದುದಕ್ಕೆ ಕೈಯೇ ಸಾಕ್ಷಿಯಾಗುವುದರಿಂದ ಪೊಳ್ಳು ಮಾತಿಗೆ ಎಡೆಯಿಲ್ಲ.

ವಿಷಯದ ಆಯ್ಕೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದ ಹೆಸರಾದ ಊರು. ಇಂಥ ಊರಿನ ಮಗುವನ್ನು ‘ಭಾಷಣ ಮಾಡು’ ಎಂದು ನಿಲ್ಲಿಸಿದರೆ ‘ನನಗೇನೂ ಬಾರದು’ ಎಂದು ತಲೆ ತಗ್ಗಿಸುವುದುಂಟು. ಆದರೆ ಅದೇ ಮಗು ಹಗ್ಗ ಹೊಸೆಯಬಲ್ಲದು, ಜೋಳದ ರೊಟ್ಟಿ ತಟ್ಟಬಲ್ಲದು, ಹೂಮಾಲೆ ಕಟ್ಟಬಲ್ಲದು. ಕೈಗೆ ಬಂದುದನ್ನು ವಿದ್ಯೆಯೆಂದು ಮನೆಯೂ ಎಣಿಸಿಲ್ಲ, ಶಾಲೆಯೂ ಎಣಿಸಿಲ್ಲ. 12ನೆಯ ಶತಮಾನದ ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ತಮ್ಮ ಕಾಯಕದ ಹೆಸರನ್ನು ತಮ್ಮ ಹೆಸರಿನ ಮುಂದೆಯೇ ಧರಿಸಿದರು. ಆ ಪರಂಪರೆಯ ನೆರಳಿನಲ್ಲಿ ನಡೆಯುವ ಶಾಲೆಯಲ್ಲಿ ಮಗುವಿನ ಕೈಗೆಲಸ ವಿದ್ಯೆಯ ಪಂಕ್ತಿಯಿಂದ ಹೊರಗುಳಿಯುವುದು ಯೋಗ್ಯವಲ್ಲ.

ಆದುದರಿಂದ ವಿಷಯವನ್ನು ಆಯುವಾಗ ಮೂರು ಸಂಗತಿಗಳನ್ನು ನೋಡಬೇಕು. ಒಂದು, ಅದು ವಿದ್ಯಾರ್ಥಿಯು ಸ್ವತಃ ಹಲವು ಬಾರಿ ಮಾಡಿದ ಕೆಲಸವಾಗಿರಬೇಕು. ಎರಡು, ಆರೇಳು ನಿಮಿಷಗಳಲ್ಲಿ ಅದರ ಮುಖ್ಯಾಂಶವನ್ನು ತೋರಿಸುವಂತಿರಬೇಕು. ಮೂರು, ಬೆಂಕಿ, ಹರಿತವಾದ ಆಯುಧ, ಬೆಲೆಬಾಳುವ ವಸ್ತುಗಳ ಹಂಗು ಇರಬಾರದು.

ಸಿದ್ಧತೆ

ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಮಲ್ಲಿಗೆಯ ಮಾಲೆ ಕಟ್ಟುವುದನ್ನು ಆಯ್ದುಕೊಂಡಳೆಂದು ಭಾವಿಸಬಹುದು. ನೆರೆಯ ಹೂವಿನಹಡಗಲಿಯ ಮಲ್ಲಿಗೆಯು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವುದರಿಂದ ವಿಷಯವೂ ಈ ಸೀಮೆಗೆ ಒಪ್ಪುವಂಥದು. ಮೊದಲು ಅವಳು ಮನೆಯಲ್ಲಿ ತಾಯಿಯ ಎದುರು ಕುಳಿತು, ತನ್ನ ಕೈ ಏನೇನು ಮಾಡುತ್ತದೆಂಬುದನ್ನು ನಿಧಾನವಾಗಿ ಗಮನಿಸಿ ಬರೆದುಕೊಳ್ಳಬೇಕು. ಅಭ್ಯಾಸವಾದ ಕೈ ಯೋಚಿಸದೆ ಮಾಡುವುದನ್ನು ಬುದ್ಧಿಯು ಬಿಡಿಸಿ ಹೇಳಬೇಕಾದುದು ಇಲ್ಲಿಯ ಮೊದಲ ಶ್ರಮ.

ಹಾಗೆ ಬಿಡಿಸಿದಾಗ ಕ್ರಮವು ಹೀಗೆ ನಿಲ್ಲುತ್ತದೆ. ಒಣಗಿದ ಬಾಳೆನಾರನ್ನು ನೀರಿನಲ್ಲಿ ನೆನೆಸುವುದು. ಒಣನಾರು ಬಿಗಿದೊಡನೆ ಸೀಳುತ್ತದೆ, ನೆನೆದುದು ಬಾಗುತ್ತದೆ. ಎರಡು ಮೊಗ್ಗುಗಳನ್ನು ಒಂದು ದಿಕ್ಕಿಗೆ, ಎರಡನ್ನು ಎದುರು ದಿಕ್ಕಿಗೆ ಇಟ್ಟು, ತೊಟ್ಟುಗಳು ನಡುವೆ ಒಂದನ್ನೊಂದು ಹಾಯುವಂತೆ ಹಿಡಿಯುವುದು. ನಾರನ್ನು ತೊಟ್ಟುಗಳ ಸುತ್ತ ಒಂದು ಸುತ್ತು ತಂದು, ಬೆರಳಿನಲ್ಲಿ ಕುಣಿಕೆ ಮಾಡಿ, ತೊಟ್ಟುಗಳ ಮೇಲೆ ಹಾಯಿಸಿ ಎಳೆಯುವುದು. ಹೆಚ್ಚು ಬಿಗಿದರೆ ತೊಟ್ಟು ತುಂಡಾಗುತ್ತದೆ. ಸಡಿಲ ಬಿಟ್ಟರೆ ಹೂ ಉದುರುತ್ತದೆ. ಈ ಎರಡರ ನಡುವಿನ ಹದವೇ ಈ ವಿದ್ಯೆಯ ತಿರುಳು. ಭಾಷಣದ ತಿರುಳೂ ಅದೇ ಆಗಬೇಕು.

ಇನ್ನೊಂದು ತೊಡಕುಂಟು. ಮಲ್ಲಿಗೆಯ ತೊಟ್ಟು ಚಿಕ್ಕದು. ಹಿಂದಿನ ಸಾಲಿನವರಿಗೆ ಗಂಟು ಕಾಣದು. ಆದುದರಿಂದ ಮೊದಲು ದಪ್ಪ ಹಗ್ಗವನ್ನೂ ನಾಲ್ಕು ಜೋಳದ ದಂಟಿನ ತುಂಡುಗಳನ್ನೂ ಹಿಡಿದು ಕುಣಿಕೆಯನ್ನು ದೊಡ್ಡದಾಗಿ ತೋರಿಸಿ, ಅನಂತರ ಹೂವಿಗೆ ಬರಬೇಕು. ಒಂದು ಮೊಳ ಮಾಲೆ ಮುಗಿಯುವವರೆಗೆ ಸಭೆ ಕಾಯಲಾರದು. ಅರ್ಧ ಕಟ್ಟಿದುದೊಂದು, ಪೂರ್ತಿ ಕಟ್ಟಿದುದೊಂದು ಮೊದಲೇ ಸಿದ್ಧವಿರಬೇಕು. ಬೆಳಗ್ಗೆ ಬಿಡಿಸಿದ ಮೊಗ್ಗುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಡದಿದ್ದರೆ ಮಧ್ಯಾಹ್ನದ ಅವಧಿಗೆ ಅವು ಬಾಡಿರುತ್ತವೆ. ಸಾಮಗ್ರಿಯೆಲ್ಲವೂ ಬಳಸುವ ಕ್ರಮದಲ್ಲಿಯೇ ಮೇಜಿನ ಮೇಲಿರಬೇಕು.

ನಿರೂಪಣೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ನೆರೆದ ಅಪಾರ ಜನಸ್ತೋಮ ನಿಶ್ಶಬ್ದವಾಗುತ್ತದೆ. ಆಮೇಲೆ ಬರುವ ಕಾರಣಿಕ ಕೇವಲ ಒಂದು ನುಡಿ. ಮೊದಲು ಮೌನವನ್ನು ಸಂಪಾದಿಸಬೇಕು, ಬಳಿಕ ಮಿತವಾಗಿ ಮಾತಾಡಬೇಕೆಂಬುದನ್ನು ಈ ಭಾಗದ ಮಕ್ಕಳು ಅಲ್ಲಿಂದಲೇ ಕಲಿಯಬಹುದು. ಬಾಲಿಕೆಯು ವೇದಿಕೆಗೆ ಬಂದೊಡನೆ ಮಾತಿಗೆ ತೊಡಗದೆ, ಕಟ್ಟಿದ ಮಾಲೆಯನ್ನು ಎತ್ತಿ ಹಿಡಿದು ಒಂದು ಕ್ಷಣ ನಿಂತರೆ ಸಭೆ ತಾನಾಗಿ ಅವಳತ್ತ ತಿರುಗುತ್ತದೆ.

ನಾಟ್ಯಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಅಭಿನಯಗಳನ್ನು ಹೇಳಿದೆ. ಇಲ್ಲಿ ವಾಚಿಕ ಆಂಗಿಕಗಳ ಹೊಂದಾಣಿಕೆಯೇ ಮುಖ್ಯ. ಕೈ ಸೂಕ್ಷ್ಮ ಕೆಲಸದಲ್ಲಿರುವಾಗ ಬಾಯಿ ಸುಮ್ಮನಿರಲಿ. ಮುಂದೆ ಮಾಡುವುದನ್ನು ಮೊದಲು ಹೇಳಿ, ಮಾಡಿ, ಆಮೇಲೆ ಕಾರಣ ತಿಳಿಸಲಿ. ಕೈ ಎದೆಯ ಮಟ್ಟದಲ್ಲಿರಲಿ, ಮುಖ ಸಭೆಯ ಕಡೆಗಿರಲಿ.

‘ಹೀಗೆ ಮಾಡಬೇಕು, ಹಾಗೆ ಮಾಡಬೇಕು’ ಎಂಬುದು ಭಾಷಣವಲ್ಲ. ಪ್ರತಿಯೊಂದು ಕ್ರಿಯೆಗೂ ಅದರ ಹೆಸರು ಬರಬೇಕು. ನಾರು, ತೊಟ್ಟು, ಕುಣಿಕೆ, ಮೊಳ, ಮಾರು ಇವು ತಾಯಿಯ ಬಾಯಿಂದ ಬಂದ ಅಚ್ಚಗನ್ನಡದ ನುಡಿಗಳು. ಇವನ್ನು ಗ್ರಾಂಥಿಕವಾಗಿ ತಿದ್ದಲು ಹೋಗುವ ಅಧ್ಯಾಪಕರು ಮಗುವಿನ ನಾಲಿಗೆಯನ್ನು ಕಟ್ಟಿಹಾಕಿದಂತೆ. ನಡುವೆ ನಾರು ಹರಿದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ಹರಿದ ನಾರನ್ನು ಸೇರಿಸುವ ಬಗೆಯನ್ನು ಅಲ್ಲಿಯೇ ತೋರಿಸಿದರೆ, ಬಾಯಿಪಾಠದವನಿಗೂ ಬಲ್ಲವನಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಕೊನೆಗೆ ಪ್ರಶ್ನೆಗಳಿಗೆ ಅವಕಾಶವಿರಬೇಕು. ‘ಮಾರುವವರ ಮೊಳವೂ ನನ್ನ ಮೊಳವೂ ಒಂದೇ ಏನು?’ ಎಂದು ಯಾರಾದರೂ ಕೇಳಿದರೆ, ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆಯು ಆಳಿನಿಂದ ಆಳಿಗೆ ಬೇರೆಯಾಗುವ ಸಂಗತಿ ಹೊರಬಂದು, ಹೂವಿನ ಪಾಠವು ಗಣಿತದ ಪಾಠಕ್ಕೆ ದಾರಿ ಮಾಡೀತು.

ಪರೀಕ್ಷೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಾಣ್ಣುಡಿ. ಇಂಥ ಭಾಷಣದ ಮೌಲ್ಯವನ್ನು ಕಂಠಶ್ರೀಯಿಂದಾಗಲಿ ಚಪ್ಪಾಳೆಯಿಂದಾಗಲಿ ಅಳೆಯಲಾಗದು. ಕೊನೆಯ ಸಾಲಿನ ಹುಡುಗನೊಬ್ಬನನ್ನು ಕರೆದು, ನಾರನ್ನೂ ನಾಲ್ಕು ಮೊಗ್ಗುಗಳನ್ನೂ ಅವನ ಕೈಗೆ ಕೊಡಬೇಕು. ಅವನು ತಡವರಿಸುತ್ತಲಾದರೂ ಒಂದು ಗಂಟು ಹಾಕಿದನೆಂದರೆ ಭಾಷಣ ಸಫಲ.

ಇದಕ್ಕೆ ಶಾಲೆಗೆ ತಗಲುವ ವೆಚ್ಚ ಅತ್ಯಲ್ಪ. ಹದಿನೈದು ದಿನಗಳಿಗೊಮ್ಮೆ ಒಂದು ಅವಧಿ, ಎಲ್ಲರಿಗೂ ಕಾಣುವಂಥ ಒಂದು ಮೇಜು, ತಾಳ್ಮೆಯಿಂದ ಕೇಳುವ ಅಧ್ಯಾಪಕರು ಇಷ್ಟಿದ್ದರೆ ಸಾಕು. ಲಾಭವಾದರೋ ದೊಡ್ಡದು. ‘ನನಗೇನೂ ಬಾರದು’ ಎಂದು ತಲೆ ತಗ್ಗಿಸಿದ್ದ ಮಗು, ತಾಯಿಯಿಂದ ಕಲಿತುದನ್ನು ಗುರುಗಳೂ ಕುಳಿತು ಕೇಳಿದರೆಂಬ ಹಿಗ್ಗಿನಿಂದ ಅಂದು ಸಂಜೆ ಮನೆಗೆ ಮರಳುತ್ತದೆ.