ಗುಳಿಗೆ ಬಿಟ್ಟ ಅಳಿಯನಿಗೊಂದು ಪತ್ರ

ತಮಾ,

ಮೊನ್ನೆ ಆದಿತ್ಯವಾರ ಫೋನಿನಲ್ಲಿ ನೀನು, ‘ಮಾವ, ಗುಳಿಗೆ ಬಿಟ್ಟು ಇಪ್ಪತ್ತು ದಿನ ಆಯ್ತು, ಆರಾಮಿದ್ದೇನೆ’ ಅಂದೆ. ಆಮೇಲೆ ಚೀಗಾಂಗ್ ಅನ್ನುವ ಚೀನೀ ವ್ಯಾಯಾಮದ ಪುರಾಣ ಶುರುಮಾಡಿದೆ. ನಾನು ಹೂಂಗುಟ್ಟುತ್ತಾ ಕೇಳಿದೆ. ಅದನ್ನು ಒಪ್ಪಿಗೆ ಅಂದುಕೊಂಡಿದ್ದರೆ ಮೋಸ ಹೋದೆ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನನ್ನ ಬಾಯಿ ಕಟ್ಟುತ್ತದೆ, ಕೈ ಮಾತ್ರ ಬರೆಯುತ್ತದೆ.

ಮನೆಯ ಮಾತನ್ನು ಪತ್ರಿಕೆಗೆ ಕೊಟ್ಟನಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹೆಸರು ಹಾಕಿಲ್ಲ. ಮೂವತ್ತೆಂಟಕ್ಕೇ ಬಿ.ಪಿ. ಬಂದು, ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಅಡಗಿಸಿಟ್ಟವರು ನಿನ್ನ ಹಾಗೆ ಎಷ್ಟೋ ಜನ. ಅವರೂ ಓದಲಿ.

ಚೀಗಾಂಗ್ ಬೇಡ ಅನ್ನುವವ ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏನು ಹಿಡಿಯಬೇಕು, ಏನು ಬಿಡಬೇಕು ಅನ್ನುವುದು ನಿನಗೆ ಸೇರಿದ್ದು. ನನಗೆ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ನನಗೆ ಗೊತ್ತಿರುವುದು ಉಪ್ಪು.

ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿದವ. ನೀನು ಅವನನ್ನು ಗೋಡೆಯ ಮೇಲಿನ ಪಟದಲ್ಲಿ ಮಾತ್ರ ನೋಡಿದ್ದೀಯ. ಮಳೆ ನಿಂತು ಬಿಸಿಲು ಬಲಿತ ಮೇಲೆ ಅಘನಾಶಿನಿಯ ಅಳಿವೆಯ ನೀರನ್ನು ಪಾತಿಯಿಂದ ಪಾತಿಗೆ ದಾಟಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಅಂಚಿಗೆ ಎಳೆಯಬೇಕು. ಅವಸರ ಮಾಡಿದರೆ ತಳದ ಕೆಸರು ಎದ್ದು ಉಪ್ಪು ಕಂದಾಗುತ್ತದೆ. ಅದಕ್ಕೇ ಅಪ್ಪ ಉಸಿರು ಎಳೆದುಕೊಳ್ಳುತ್ತಾ ಹಲಗೆ ಮುಂದೆ ಚಾಚುತ್ತಿದ್ದ, ಉಸಿರು ಬಿಡುತ್ತಾ ಹಿಂದಕ್ಕೆ ಎಳೆಯುತ್ತಿದ್ದ. ನೀನು ಕಳಿಸಿದ ವೀಡಿಯೋದಲ್ಲಿ ಆ ಚೀನೀ ಮುದುಕ ಕೈ ಚಾಚಿ ಹಿಂದಕ್ಕೆ ತಂದನಲ್ಲ, ನನಗೆ ಕಂಡದ್ದು ಅಪ್ಪ. ಆ ಮುದುಕನ ಕೈಯಲ್ಲಿ ಹಲಗೆ ಒಂದು ಇರಲಿಲ್ಲ ಅಷ್ಟೇ.

ನಿಧಾನವಾಗಿ ಕೈಯಾಡಿಸಿ ನಿಧಾನವಾಗಿ ಉಸಿರಾಡಿದರೆ ಬಿ.ಪಿ. ಇಳಿದೇ ಇಳಿಯುತ್ತದೆ ಅನ್ನುತ್ತೀಯ. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡಿದ. ಮಧ್ಯಾಹ್ನ ಗಂಜಿ, ಸುಟ್ಟ ಒಣಮೀನು, ನೆಂಚಿಕೊಳ್ಳಲು ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ. ಬೆವರು ಹರಿಸುವವನಿಗೆ ಉಪ್ಪು ಬೇಕು ಅನ್ನುವುದು ಆಗರದ ನಂಬಿಕೆ. 1971ರಲ್ಲಿ, ಐವತ್ತೆರಡನೆಯ ವಯಸ್ಸಿಗೆ, ಚೌತಿ ಮುಗಿದ ಮರುವಾರ ಬಾವಿಕಟ್ಟೆಯ ಹತ್ತಿರ ಬಿದ್ದ. ಲಕ್ವಾ ಹೊಡೆಯಿತು ಅಂದರು. ‘ಹೊಡೆಯಿತು’ ಅನ್ನುತ್ತೇವೆ, ಹೊರಗಿನಿಂದ ಯಾರೋ ಬಂದು ಹೊಡೆದ ಹಾಗೆ. ಹೊಡೆದವ ಎಷ್ಟೋ ವರ್ಷದಿಂದ ಒಳಗೇ ಉಂಡು ಮಲಗಿದ್ದ. ಅಪ್ಪನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದವರು ಅವನ ಜನ್ಮದಲ್ಲಿ ಒಬ್ಬರೂ ಇರಲಿಲ್ಲ. ಆಗ ನನಗೆ ಹದಿನೇಳು, ನನ್ನ ತಂಗಿ, ನಿನ್ನ ಆಯಿಗೆ ಹದಿಮೂರು.

1978ರಲ್ಲಿ ನಾನು ವಡೋದರಾಕ್ಕೆ ಹೊರಟಾಗ ನನ್ನ ಅಜ್ಜಿ ನಕ್ಕಿದ್ದಳು: ‘ಉಪ್ಪಿನ ಋಣ ನಿನ್ನನ್ನು ಬಿಡೂದಿಲ್ಲ.’ ನನ್ನ ಅಜ್ಜ 1930ರ ಏಪ್ರಿಲಿನಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನೋಡಲು ನಡೆದುಹೋದವ. ಸೂರತ್ ಜಿಲ್ಲೆಯ ಬಾರ್ಡೋಲಿಯ ಹೆಸರಿನಿಂದಲೇ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಅಂತ ಹೆಸರು ಬಿದ್ದದ್ದು. ಮೊಮ್ಮಗ ನಾನು ಆ ಬಾರ್ಡೋಲಿಯನ್ನೂ ದಾಟಿ, ದೇಶದ ಉಪ್ಪಿನ ದೊಡ್ಡ ಪಾಲು ತಯಾರಾಗುವ ರಾಜ್ಯಕ್ಕೇ ಹೋಗಿ ಸೇರಿದೆ.

ವಡೋದರಾದ ಗೋರ್ವಾ ಆಗ ಅರ್ಧ ಹಳ್ಳಿ, ಅರ್ಧ ಕಾರ್ಖಾನೆ. ಒಂದು ಕಡೆ 1907ರಲ್ಲಿ ಶುರುವಾದ ಅಲೆಂಬಿಕ್ ಔಷಧ ಕಂಪನಿ, ಇನ್ನೊಂದು ಕಡೆ ಬಿ.ಐ.ಡಿ.ಸಿ. ಕೈಗಾರಿಕಾ ವಸಾಹತಿನ ಶೆಡ್ಡುಗಳು. ರಾತ್ರಿ ಪಾಳಿ ಮುಗಿಸಿ ಹೊರಬಂದರೆ ಬೆಳಗಿನ ತಳ್ಳುಗಾಡಿಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ, ಫಾಫಡಾ, ಹುರಿದ ಹಸಿಮೆಣಸು. ಸಂಜೆ ಸೇವ್ ಉಸಳ್. ಊಟದ ಜೊತೆ ಛಾಸ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಊರಿಂದ ನನ್ನ ಆಯಿ ಕಳಿಸಿದ ಮಿಡಿ ಉಪ್ಪಿನಕಾಯಿ ಭರಣಿ ಬೇರೆ. ಗಾಂಠಿಯಾ ನಾಲಿಗೆಗೆ ಅಷ್ಟೇನೂ ಉಪ್ಪೆನಿಸುವುದಿಲ್ಲ. ಅದನ್ನು ಮೃದು ಮಾಡುವ ಪಾಪಡ್ ಖಾರ್, ಸೋಡಾ ಕೂಡ ಸೋಡಿಯಮ್ಮೇ ಅನ್ನುವುದು ನಾಲಿಗೆಗೆ ತಿಳಿಯುವುದಿಲ್ಲ, ರಕ್ತನಾಳಕ್ಕೆ ತಿಳಿಯುತ್ತದೆ.

1996ರಲ್ಲಿ ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಬಿ.ಪಿ. 168ಕ್ಕೆ 108. ಡಾಕ್ಟರು ಗುಳಿಗೆ ಬರೆದರು. ಎರಡು ತಿಂಗಳು ನುಂಗಿದೆ. ಪಾದ ಊದಿಕೊಂಡವು. ಡಾಕ್ಟರಿಗೆ ಹೇಳಿದ್ದರೆ ಗುಳಿಗೆ ಬದಲಿಸುತ್ತಿದ್ದರು. ನಾನು ಹೇಳಲಿಲ್ಲ, ಬಿಟ್ಟೆ. ನಿನ್ನ ಹಾಗೇ ಎಲ್ಲರಿಗೂ ‘ಆರಾಮಿದ್ದೇನೆ’ ಅಂದೆ. ಊರಿಗೆ ಹೋದಾಗ ಒಬ್ಬರು ಸರ್ಪಗಂಧದ ಬೇರಿನ ಪುಡಿ ಕೊಟ್ಟರು. ತಿಂದೆ. ಮೂಗು ಕಟ್ಟಿತು, ಮನಸ್ಸು ಮಂಕಾಯಿತು. ಕಾರಣವಿಲ್ಲದೆ ಅಳು ಬರುವಂಥ ಮಂಕು. ಅದನ್ನೂ ಬಿಟ್ಟೆ.

2000ನೇ ಇಸವಿಯ ಉತ್ತರಾಯಣ, ಗಾಳಿಪಟದ ಹಬ್ಬ. ಜನವರಿ 14ಕ್ಕೆ ಗುಜರಾತಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ ಅನ್ನುವುದು ಈಗ ಅಲ್ಲೇ ಇರುವ ನಿನಗೂ ಗೊತ್ತು. ತಾರಸಿಯ ಮೇಲೆ ಉಂಧಿಯು, ಜಿಲೇಬಿ, ಪಟ ಕತ್ತರಿಸಿದಾಗಲೆಲ್ಲ ಎಲ್ಲ ಕಡೆಯಿಂದ ‘ಕಾಯ್‌ಪೋ ಛೇ’ ಕೂಗು. ಪಕ್ಕದ ಮನೆಯ ಹುಡುಗ ಪಟ ಹಾರಿಸುತ್ತಿದ್ದ, ನಾನು ಹಿಂದೆ ನಿಂತು ಸೂರತಿ ಮಾಂಜಾ ಸುತ್ತಿದ ಫಿರ್ಕಿ ಹಿಡಿದಿದ್ದೆ. ಇದ್ದಕ್ಕಿದ್ದಂತೆ ಫಿರ್ಕಿ ಎಡಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿದೆ, ಮತ್ತೆ ಬಿತ್ತು. ‘ಕಾಕಾ, ಢೀಲ್ ದ್ಯೋ!’, ದಾರ ಬಿಡಿ ಅಂತ ಹುಡುಗ ಕಿರುಚುತ್ತಿದ್ದಾನೆ. ಉತ್ತರ ಕೊಡಲು ಹೋದರೆ ನನ್ನ ಬಾಯಿಂದ ಬಂದದ್ದು ಗುಜರಾತಿಯೂ ಅಲ್ಲ, ಕನ್ನಡವೂ ಅಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನ ಅತ್ತೆ ಮಾತ್ರ ನಗಲಿಲ್ಲ.

ಹನ್ನೊಂದು ದಿನ ಆಸ್ಪತ್ರೆ. ಮಾತು ಬಂತು, ಕಾಲು ಬಂತು. ಎಡಗೈಯ ಎರಡು ಬೆರಳು ಪೂರಾ ಬರಲಿಲ್ಲ. ಇವತ್ತಿಗೂ ಅಂಗಿಯ ಗುಂಡಿ ಹಾಕುವುದು ನಿನ್ನ ಅತ್ತೆಯೇ. ಮದುವೆಮನೆಗಳಲ್ಲಿ ನೀವೆಲ್ಲ ಅದನ್ನು ಪ್ರೀತಿ ಅಂದುಕೊಂಡು ಛೇಡಿಸುತ್ತಿದ್ದಿರಿ.

ಆಸ್ಪತ್ರೆಯಿಂದ ಬಂದ ಮೇಲೆ ಬಿ.ಪಿ. ಬಗ್ಗೆ ಓದಲು ಶುರುಮಾಡಿದೆ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಬಿ.ಪಿ. 300ಕ್ಕೆ 190 ಇತ್ತಂತೆ. ಅಂಥ ದೇಶದ ಡಾಕ್ಟರ ಕೈಯಲ್ಲೂ ಅದನ್ನು ಇಳಿಸುವ ಒಳ್ಳೆಯ ಮದ್ದು ಆಗ ಇರಲಿಲ್ಲ. ನಾಲ್ಕು ವರ್ಷಕ್ಕೆ, 1949ರಲ್ಲಿ, ಮುಂಬೈಯ ಡಾಕ್ಟರ್ ರುಸ್ತಮ್ ಜಾಲ್ ವಕೀಲರು ಸರ್ಪಗಂಧದ ಬೇರು ಬಿ.ಪಿ. ಇಳಿಸುತ್ತದೆ ಅಂತ ತಮ್ಮ ರೋಗಿಗಳ ಲೆಕ್ಕವಿಟ್ಟು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಪ್ರಮಾಣ ಮೀರಿದರೆ ಅದು ಮನಸ್ಸನ್ನು ಕುಗ್ಗಿಸುತ್ತದೆ ಅನ್ನುವುದೂ ಗೊತ್ತಾಯಿತು. ನನಗೆ ಅಳು ಬಂದದ್ದು ಸುಮ್ಮನೆ ಅಲ್ಲ! ಬೇರಿನಲ್ಲಿ ಗುಣ ಇತ್ತು, ನನ್ನ ಪುಡಿಯಲ್ಲಿ ಅಳತೆ ಇರಲಿಲ್ಲ. ‘ಗುಳಿಗೆ ಕೃತಕ, ನನಗೆ ಸಹಜವಾದದ್ದು ಬೇಕು’ ಅಂದೆಯಲ್ಲ, ನಮ್ಮ ಕಾಡಿನ ಬೇರಿಗೆ ಅಳತೆ ಕಟ್ಟಿದ್ದೇ ಗುಳಿಗೆಯಾಯಿತು ತಮಾ.

ಈಗ ನಿನ್ನ ಚೀಗಾಂಗ್ ವಿಷಯ. ನೀನು ಹಿಡಿದಿರುವ ಎಂಟು ಆಸನಗಳ ಬಾದ್ವಾನ್‌ಜಿನ್ ಒಳ್ಳೆಯದೇ. ಅದರ ಹೆಸರಿಗೆ ಎಂಟು ತುಂಡು ಜರಿಬಟ್ಟೆ ಅಂತ ಅರ್ಥವಂತೆ, ಜರಿಯ ಊರಾದ ಸೂರತ್ತಿನವರು ಕೇಳಿದರೆ ಖುಷಿಪಡುತ್ತಾರೆ. ಆದರೆ ಅದು ಹುಟ್ಟಿದ ದೇಶದವರು ಏನು ಮಾಡಿದರು ಅಂತ ನೋಡಿದೆಯಾ? ಶಾಂಘೈಯ ವೈದ್ಯರು ಬಿ.ಪಿ. ಇರುವವರನ್ನು ಎರಡು ಗುಂಪು ಮಾಡಿ ದಶಕಗಳ ಕಾಲ ಗಮನಿಸಿದರು. ಚೀಗಾಂಗ್ ಮಾಡಿದವರಲ್ಲಿ ಲಕ್ವಾ ಕಡಿಮೆ, ಸಾವೂ ಕಡಿಮೆ. ಆದರೆ ಗುಳಿಗೆ ಎರಡೂ ಗುಂಪಿಗೆ ಇತ್ತು. ಆ ಸಾಲನ್ನು ನಿನ್ನ ವೀಡಿಯೋದವ ನುಂಗಿಬಿಟ್ಟ. ಬೀಜಿಂಗಿನಲ್ಲಿ ಬಿ.ಪಿ. ಅಂಚಿಗೆ ಬಂದಿದ್ದ 342 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ಚೀಗಾಂಗಿನ ದಾಯಾದಿ ತೈ ಚಿಯನ್ನು ಒಂದು ವರ್ಷ ಮಾಡಿದವರ ಮೇಲಿನ ಅಂಕಿ ಸರಾಸರಿ ಏಳು ಇಳಿಯಿತು. ಬಿರುಸಿನ ವ್ಯಾಯಾಮ ಮಾಡಿದವರದ್ದು ಐದಕ್ಕೂ ಸ್ವಲ್ಪ ಕಡಿಮೆ. ಸಣ್ಣದಲ್ಲ, ನಾನು ಒಪ್ಪುತ್ತೇನೆ. ಆದರೆ ನಿನ್ನದು 164. ಏಳು ಕಳೆದರೆ ಎಷ್ಟು? ಇಂಜಿನಿಯರ್ ಅಲ್ಲವೇನೋ ನೀನು? ಕಾರ್ಖಾನೆಯಲ್ಲಿ ಬಾಯ್ಲರಿನ ಮುಳ್ಳು ಕೆಂಪು ಗೆರೆ ದಾಟಿದರೆ ಕಣ್ಣುಮುಚ್ಚಿ ಉಸಿರಾಡುತ್ತಾ ನಿಲ್ಲುತ್ತೀಯಾ?

ಇನ್ನೂ ಹೇಳುತ್ತೇನೆ, ಬೈಗುಳ ಅಂದುಕೊಂಡರೂ ಸರಿ. ನಿನಗೆ ಗುಳಿಗೆಯ ಭಯ ಇಲ್ಲ. ಗುಳಿಗೆ ತಿಂದರೆ ರೋಗಿ ಅನ್ನಿಸಿಕೊಳ್ಳಬೇಕಲ್ಲ, ಆ ಭಯ. ಮನೆಯಲ್ಲಿ ಎರಡು ವರ್ಷದ ಕೂಸು ಇಟ್ಟುಕೊಂಡು ಈ ಡೌಲು ಯಾಕೆ? ನಿನ್ನ ಆಯಿ ಹದಿಮೂರಕ್ಕೆ ಅಪ್ಪನನ್ನು ಕಳೆದುಕೊಂಡವಳು. ಅವಳ ಮೊಮ್ಮಗಳಿಗೂ ಅದೇ ಗತಿ ತರುತ್ತೀಯಾ?

ಬರೆದದ್ದು ಹೆಚ್ಚಾಯಿತೇನೋ. ಹೊಡೆದುಹಾಕೋಣ ಅಂದುಕೊಂಡೆ, ಹಾಕುವುದಿಲ್ಲ. ಆದರೆ ಇದನ್ನೂ ಓದು: ನಾನು ಮಾಡಿದ ತಪ್ಪನ್ನು ನೀನು ಮಾಡಿದ್ದಕ್ಕೆ ಅರ್ಧ ಸಿಟ್ಟು ನಿನ್ನ ಮೇಲೆ, ಅರ್ಧ ನನ್ನ ಮೇಲೇ. ಆ ಎರಡು ಬೆರಳಿನ ಕಥೆಯನ್ನು ನಿನಗೆ ಮೊದಲೇ ಹೇಳಬೇಕಿತ್ತು. ನಾಚಿಕೆಯಾಗಿ ಮುಚ್ಚಿಟ್ಟೆ.

ಕೆಲಸಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ. ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳು. ಕೆಲವು ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಬಿ.ಪಿ. ಮೊದಲಿಗಿಂತ ಮೇಲೆ ಹಾರುತ್ತದೆ. ಒಂದು ಒಗ್ಗದಿದ್ದರೆ ಇನ್ನೊಂದು ಇದೆ. ತೋಳಿಗೆ ಕಟ್ಟುವ ಯಂತ್ರ ತಗೋ. ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತು, ಮಾತಾಡದೆ ನೋಡು. ಚಹಾ ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ಏಳು ದಿನ ಬರೆದಿಡು. ಮನೆಯಲ್ಲಿ ಸರಾಸರಿ 135ಕ್ಕೆ 85 ದಾಟಿದರೆ ಅದು ಹೆಚ್ಚೇ.

ಅಡುಗೆಮನೆಯ ಲೆಕ್ಕ ಇನ್ನೂ ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಗಂಡ-ಹೆಂಡತಿ ಇಬ್ಬರಿಗೆ ತಿಂಗಳಿಗೆ 300 ಗ್ರಾಂ. ಕಿಲೋ ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ತಾರೀಕು ಬರೆ. ಮೂರು ತಿಂಗಳ ಒಳಗೆ ಅದು ಖಾಲಿಯಾದರೆ ಎಲ್ಲೋ ಎಡವುತ್ತಿದ್ದೀರಿ. ಹೊರಗಿನ ಫರ್ಸಾಣ್ ತಿಂಡಿ, ಹಪ್ಪಳ, ಆಯಿಯ ಉಪ್ಪಿನಕಾಯಿ ಈ ಲೆಕ್ಕದ ಹೊರಗೆ ಅನ್ನುವುದು ನೆನಪಿರಲಿ. ಛಾಸಿಗೆ ಉಪ್ಪಿನ ಬದಲು ಹುರಿದ ಜೀರಿಗೆ, ಕೊತ್ತಂಬರಿ ಸಾಕು. ಸೊಪ್ಪು, ಬೇಳೆ, ಬಾಳೆಹಣ್ಣು ಹೆಚ್ಚಾಗಲಿ. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಸರಿಯಿಲ್ಲದವರಿಗೆ ಅದು ಆಗದು, ಕೆಲವು ಬಿ.ಪಿ. ಗುಳಿಗೆಗಳ ಜೊತೆಗೂ ಹೊಂದುವುದಿಲ್ಲ. ಡಾಕ್ಟರನ್ನು ಕೇಳಿ ತಗೋ. ಚೀಗಾಂಗ್ ಬಿಡಬೇಡ. ಅಂಕಿ ಇಳಿದು ನಿಂತರೆ ಗುಳಿಗೆಯ ಪ್ರಮಾಣ ಇಳಿಸುವ ಮಾತನ್ನು ಡಾಕ್ಟರೇ ಎತ್ತುತ್ತಾರೆ.

ಒಂದು ಗುಟ್ಟು ಹೇಳಲಾ? ನಿನ್ನ ವೀಡಿಯೋ ಬಂದ ಮರುದಿನದಿಂದ ನಾನೂ ಅಂಗಳದಲ್ಲಿ ಆ ಮೊದಲ ಆಸನ ಮಾಡುತ್ತಿದ್ದೇನೆ, ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿಯುವುದು. ಗುಳಿಗೆ ನುಂಗಿ, ನೀರು ಕುಡಿದು, ಆಮೇಲೆ. ಮೊದಲ ದಿನ ನಿನ್ನ ಅತ್ತೆ, ‘ಬಟ್ಟೆ ತೆಗೀಲಿಕ್ಕೆ ಹೋದವರು ಹಾಗೇ ನಿಂತಿರಲ್ಲ, ಏನಾಯ್ತು?’ ಅಂತ ಗಾಬರಿಯಿಂದ ಓಡಿ ಬಂದಳು. ಎಡಗೈ ಬಲಗೈಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ. ನನ್ನ ಪಾಲಿನ ಆಕಾಶ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇರುತ್ತದೆ.

ಮುಂದಿನ ಆದಿತ್ಯವಾರ ಫೋನು ಮಾಡು. ‘ಆರಾಮಿದ್ದೇನೆ’ ಅನ್ನಬೇಡ. ಎರಡು ಅಂಕಿ ಹೇಳು, ಸಾಕು.

ನಿನ್ನ ಸೋದರಮಾವ