ಹೊಸ ಕಾರಿನ ಎಣ್ಣೆ

ಪುಟ್ಟೀ, ಹೊಸ ಕಾರಿಗೆ ಸಿಂಥೆಟಿಕ್ ಆಯಿಲ್ ಯಾವಾಗ ಹಾಕಿಸಬೇಕು ಅಂತ ಕೇಳಿದ್ದೀಯ. ಐದು ಸಾವಿರ ಕಿಲೋಮೀಟರ್ ಓಡುವ ತನಕ ಮುಟ್ಟಬೇಡ ಅಂತ ಆಫೀಸಿನಲ್ಲಿ ಒಬ್ಬರು ಹೆದರಿಸಿದರಂತೆ, ಈಗಲೇ ಬದಲಿಸು ಅಂತ ಇನ್ನೊಬ್ಬರು ಅವಸರ ಮಾಡಿದರಂತೆ. ಇಬ್ಬರ ಮಾತನ್ನೂ ಬದಿಗಿಟ್ಟು, ಗ್ಲೋವ್ ಬಾಕ್ಸಿನಲ್ಲಿರುವ ಓನರ್ಸ್ ಮ್ಯಾನ್ಯುಯಲ್ ತೆಗೆ. ಅದರಲ್ಲಿ ಎಂಜಿನ್ ಆಯಿಲ್ ಪುಟ ಹುಡುಕು. 0ಡಬ್ಲ್ಯೂ-20 ಅಥವಾ 0ಡಬ್ಲ್ಯೂ-16 ಅಂತ ಬರೆದಿದ್ದರೆ ನಿನ್ನ ಪ್ರಶ್ನೆ ಅಲ್ಲಿಗೇ ಮುಗಿಯಿತು. ಅಷ್ಟು ತೆಳುವಾದ ಆಯಿಲನ್ನು ಬರೀ ಮಿನರಲ್ ಎಣ್ಣೆಯಿಂದ ಮಾಡಲು ಬರುವುದಿಲ್ಲ. ನಿನ್ನ ಎಂಜಿನ್ ಮೊದಲ ದಿನದಿಂದಲೂ ಸಿಂಥೆಟಿಕ್ ಅಂಶವಿರುವ ಆಯಿಲಿನಲ್ಲೇ ಓಡುತ್ತಿದೆ.

ಆ ಹೆದರಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆ ಒರಟಾಗಿರುತ್ತಿತ್ತು. ಪಿಸ್ಟನ್ ರಿಂಗುಗಳು ಅದಕ್ಕೆ ಉಜ್ಜಿ ಉಜ್ಜಿ, ಎರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕಿತ್ತು. ನಾವು ಅದನ್ನು ‘ರನ್ನಿಂಗ್ ಇನ್’ ಅನ್ನುತ್ತಿದ್ದೆವು. ಸಿಂಥೆಟಿಕ್ ಬಹಳ ಜಾರು, ಮೊದಲೇ ಹಾಕಿದರೆ ರಿಂಗು ಕೂರುವುದೇ ಇಲ್ಲ, ಕೊನೆತನಕ ಎಂಜಿನ್ ಆಯಿಲ್ ಕುಡಿಯುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬೆಳೆದದ್ದು ಹಾಗೆ. ಈಗ ಸಿಲಿಂಡರ್ ಗೋಡೆಯನ್ನು ಕಾರ್ಖಾನೆಯಲ್ಲೇ ಹದವಾಗಿ ಉಜ್ಜಿ ಕಳಿಸುತ್ತಾರೆ. ಉಳಿದ ಹೊಂದಾಣಿಕೆ ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಆಗಿಹೋಗುತ್ತದೆ. ಅಮೆರಿಕದ ಷೆವರ್ಲೆ ಕಾರ್ವೆಟ್ಟಿಗೆ 1992ರಿಂದಲೇ ಕಾರ್ಖಾನೆಯಲ್ಲಿ ಸಿಂಥೆಟಿಕ್ ತುಂಬುತ್ತಿದ್ದಾರೆ. ರಿಂಗು ಕೂರದೆ ಹೋಗಿದ್ದರೆ ಅವರು ಅದನ್ನು ಎಂದೋ ನಿಲ್ಲಿಸುತ್ತಿದ್ದರು.

ರಿಂಗು ಚೆನ್ನಾಗಿ ಕೂರುವುದು ನಿನ್ನ ಕಾಲಿನ ಮೇಲೆ ನಿಂತಿದೆ. ಮೊದಲ 1,000 ಕಿಲೋಮೀಟರ್ ಒಂದೇ ವೇಗದಲ್ಲಿ ಎಳೆಯಬೇಡ, ಏರಿಳಿತ ಇರಲಿ. ಆಕ್ಸಿಲರೇಟರನ್ನು ತಳಕ್ಕೆ ಒತ್ತಬೇಡ. ಟಾಪ್ ಗೇರಿನಲ್ಲಿ ಎಂಜಿನ್ ಮುಕ್ಕರಿಯುವ ಹಾಗೆ ಏರು ಹತ್ತಿಸಬೇಡ.

ಅವಸರದವರ ಮಾತಿಗೂ ಉತ್ತರ ಇದೆ. ಕಾರ್ಖಾನೆ ತುಂಬಿಕೊಟ್ಟ ಆಯಿಲನ್ನು ಅವಧಿಗೆ ಮೊದಲು ಇಳಿಸಬೇಡಿ ಅಂತ ಹೋಂಡಾದವರು ಅಮೆರಿಕದ ಗ್ರಾಹಕರಿಗೆ ಹೇಳುತ್ತಲೇ ಬಂದಿದ್ದಾರೆ. ನಮ್ಮಲ್ಲಿ ಬಹಳಷ್ಟು ಕಾರುಗಳಿಗೆ 1,000 ಕಿಲೋಮೀಟರಿನ ಮೊದಲ ಫ್ರೀ ಸರ್ವಿಸ್ ಅಂದರೆ ಬರೀ ತಪಾಸಣೆ. ಅಂದೇ ಆಯಿಲ್ ಬದಲಿಸಿ ಬಿಲ್ಲು ಬೆಳೆಸಲು ಯಾರಾದರೂ ಹೊರಟರೆ, ಪುಸ್ತಕದಲ್ಲಿ ಎಲ್ಲಿ ಬರೆದಿದೆ ತೋರಿಸಿ ಅನ್ನು. ಎಂಜಿನ್ ಫ್ಲಶ್, ಮೇಲಿಂದ ಸುರಿಯುವ ಅಡಿಟಿವ್ ಶೀಶೆ, ಯಾವುದೂ ಬೇಡ. ಮ್ಯಾನ್ಯುಯಲ್ ಮಿನರಲ್ಲೂ ಆಗಬಹುದು ಅಂದಿದ್ದರೆ ಮಾತ್ರ ಆಯ್ಕೆ ನಿನ್ನದು. ಆಗಲೂ ಮೊದಲ ನಿಗದಿತ ಆಯಿಲ್ ಚೇಂಜಿಗೆ ಸಿಂಥೆಟಿಕ್ ಹಾಕಿಸು, ಅದಕ್ಕೆ ಮೊದಲು ಬೇಡ. ಹಳೆಯದರ ಅಂಶ ಒಳಗೆ ಉಳಿದರೆ ಕೆಡುಕೇನೂ ಇಲ್ಲ, ಎರಡೂ ಬೆರೆಯುತ್ತವೆ.

ನಿನ್ನದು ಟರ್ಬೊ ಪೆಟ್ರೋಲ್ ಆದ್ದರಿಂದ ಸಿಂಥೆಟಿಕ್ಕೇ ಇರಲಿ ಅಂತ ಒತ್ತಿ ಹೇಳುತ್ತೇನೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದರ ಪಕ್ಕದಲ್ಲೇ ಕೆಂಡದಂಥ ಹೊಗೆ ಹಾಯುತ್ತದೆ. ಆ ಕಾವಿಗೆ ಕಳಪೆ ಆಯಿಲ್ ಸುಟ್ಟು ಕರಿಕಟ್ಟಿ ಅಲ್ಲೇ ಅಂಟುತ್ತದೆ. ಒಳ್ಳೆಯ ಸಿಂಥೆಟಿಕ್ ತಡೆದುಕೊಳ್ಳುತ್ತದೆ. ಡಬ್ಬದ ಮೇಲೆ ಅಂಕಿಯ ಜೊತೆಗೆ ಎಪಿಐ ದರ್ಜೆಯನ್ನೂ ನೋಡು. ಎಸ್‌ಪಿ ಎಂಬುದು 2020ರಲ್ಲಿ ಬಂದದ್ದು. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುವುದನ್ನು ತಡೆಯುವ ಪರೀಕ್ಷೆಯೂ ಅದರಲ್ಲಿ ಸೇರಿದೆ. ನಿನ್ನಣ್ಣನ ಬಿಎಸ್-6 ಡೀಸೆಲ್ ಗಾಡಿಯ ಹೊಗೆ ಫಿಲ್ಟರಿಗೆ ಬೂದಿ ಕಡಿಮೆ ಬಿಡುವ ಬೇರೆ ಆಯಿಲೇ ಬೇಕು. ಮನೆಯಲ್ಲಿ ಉಳಿದಿದೆ ಅಂತ ಒಬ್ಬರ ಡಬ್ಬ ಇನ್ನೊಬ್ಬರ ಗಾಡಿಗೆ ಸುರಿಯಬೇಡಿ.

ನನಗೆ ನಿಜವಾಗಿ ಚಿಂತೆ ಇರುವುದು ಬೆಂಗಳೂರಿನ ನಿನ್ನ ಓಡಾಟದ್ದು. 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಪುಸ್ತಕ ಹೇಳಬಹುದು. ಆದರೆ ಸಿಲ್ಕ್ ಬೋರ್ಡಿನಲ್ಲಿ ಗಾಡಿ ನಿಂತಾಗ ಮೀಟರ್ ತಿರುಗುವುದಿಲ್ಲ, ಎಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಮೆಟ್ರೋ ಸ್ಟೇಷನ್ನಿಗೆ ಹೋಗಿ ಬರುವ ನಾಲ್ಕು ಕಿಲೋಮೀಟರಿಗೆ ಎಂಜಿನ್ ಸರಿಯಾಗಿ ಕಾಯುವುದೂ ಇಲ್ಲ. ಸುಡದ ಪೆಟ್ರೋಲು, ನೀರಿನ ಪಸೆ ಎಲ್ಲ ಆಯಿಲಿಗೆ ಇಳಿದು ಅಲ್ಲೇ ಕೂರುತ್ತದೆ. ಇಂಥ ಬಳಕೆಗೆ ಅವಧಿ ತಗ್ಗಿಸಿ ಅಂತ ಮ್ಯಾನ್ಯುಯಲ್‌ನಲ್ಲೇ ಬೇರೆ ಪಟ್ಟಿ ಇರುತ್ತದೆ. ಅದನ್ನು ಜನ ಓದುವುದೇ ಇಲ್ಲ. ಸಿಂಥೆಟಿಕ್ ಹಾಕಿದ್ದೇವೆ, ಇನ್ನೆರಡು ವರ್ಷ ಯೋಚನೆಯಿಲ್ಲ ಅಂತ ಬಿಟ್ಟ ಗಾಡಿಗಳ ಎಂಜಿನ್ ಬಿಚ್ಚಿದಾಗ ಒಳಗೆ ಕೆಸರಿನಂಥ ಕರಿ ಕೆನೆ ಕಂಡಿದ್ದೇನೆ. ವರ್ಷ ತುಂಬಿದರೆ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಆಯಿಲ್ ಇಳಿಸು. ಜೊತೆಗೇ ಫಿಲ್ಟರೂ ಹೊಸದು. ತಿಂಗಳಿಗೊಮ್ಮೆ ತೀರ್ಥಹಳ್ಳಿಗೆ ಬಂದು ಹೋಗು, ನಿಮ್ಮಮ್ಮನಿಗೂ ಸಮಾಧಾನ. ಆ ದೂರದ ಓಟದಲ್ಲಿ ಎಂಜಿನ್ ಚೆನ್ನಾಗಿ ಕಾದು ಒಳಗಿನ ಪಸೆ ಆರಿಹೋಗುತ್ತದೆ.

ಡಿಪ್‌ಸ್ಟಿಕ್ ನೋಡಲು ಕಲಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆ. ಒರೆಸಿ ಮತ್ತೆ ಅದ್ದು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಿ ತುಂಬುವುದೂ ಕೆಟ್ಟದ್ದೇ. ಬಣ್ಣ ಕಪ್ಪಾಯಿತು ಅಂತ ಗಾಬರಿಯಾಗಬೇಡ, ಕೊಳೆಯನ್ನು ಹೊತ್ತುಕೊಳ್ಳುವುದು ಅದರ ಕೆಲಸ.

ಸರ್ವಿಸ್ಸಿಗೆ ಬಿಟ್ಟಾಗ ಆಯಿಲ್ ಡಬ್ಬದ ಸೀಲ್ ಒಡೆಯುವುದನ್ನು ಎದುರಿಗೆ ನಿಂತು ನೋಡು. ಬಿಲ್ಲಿನಲ್ಲಿ ಆಯಿಲಿನ ದರ್ಜೆ, ಮೀಟರಿನ ಓದು ಎರಡೂ ಬರೆಸಿ ಇಟ್ಟುಕೋ, ವಾರಂಟಿ ವಿಷಯ ಬಂದರೆ ಬೇಕಾಗುತ್ತದೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯಲು ಹಳೆಯ ಆಯಿಲ್ ತಾ ಅಂತ ನಿಮ್ಮಪ್ಪ ಕೇಳುತ್ತಾನೆ, ತರಬೇಡ. ಅದರಲ್ಲಿ ವಿಷದ ಲೋಹಗಳಿರುತ್ತವೆ, ಮಳೆಗೆ ತೊಳೆದು ತೋಟಕ್ಕೂ ಬಾವಿಗೂ ಇಳಿಯುತ್ತದೆ. ಹಳೆಯ ಆಯಿಲನ್ನು ಸರ್ವಿಸ್ ಸ್ಟೇಷನ್ನಿನಲ್ಲೇ ಬಿಟ್ಟು ಬಾ.