ಹಾಲುಣ್ಣಲಾರದ ಮಗುವಿನ ತಾಯಿ

ಮಗುವಿಗೆ ಹಾಲೂಡುವುದು ತಾಯಿಗೆ ಸಹಜವಾಗಿ ಬರುವ ಕೆಲಸವೆಂದು ನಾವೆಲ್ಲರೂ ನಂಬಿದ್ದೇವೆ. ಆದುದರಿಂದಲೇ ಮಗು ಹಾಲು ಕುಡಿಯದಿದ್ದರೆ ಮನೆಯವರ ದೃಷ್ಟಿ ಮೊದಲು ಬೀಳುವುದು ತಾಯಿಯ ಮೇಲೆ. ಮಗುವಿನ ತೊಂದರೆಯನ್ನು ವೈದ್ಯರು ವಿವರಿಸಬಲ್ಲರು. ಆ ತಾಯಿಯ ಪಾಡನ್ನು ವಿಚಾರಿಸುವವರು ಕಡಮೆ. ಸೀಳು ಅಂಗುಳದೊಡನೆ ಹುಟ್ಟುವ ಮಕ್ಕಳ ಉದಾಹರಣೆಯಿಂದ ಈ ವಿಷಯವನ್ನು ವಾಚಕರ ಮುಂದಿಡುವುದೇ ನನ್ನ ಉದ್ದೇಶ.

ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೊಂದು ಸೀಳುತುಟಿ ಅಥವಾ ಸೀಳು ಅಂಗುಳದೊಡನೆ ಹುಟ್ಟುತ್ತದೆ. ಮೊಲೆಯುಣ್ಣುವ ಮಗು ಬಾಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿ ಹಾಲನ್ನೆಳೆಯಬೇಕು. ಅಂಗುಳದಲ್ಲಿ ಬಿರುಕಿದ್ದರೆ ಮೂಗಿನ ಗಾಳಿ ಬಾಯಿಗೆ ನುಗ್ಗಿ ಈ ಎಳೆತ ಕೆಡುತ್ತದೆ. ತೂತುಬಿದ್ದ ಕೊಳವೆಯಿಂದ ಎಳನೀರು ಹೀರಿದಂತೆಯೇ ಸರಿ! ತಾಯಿಯ ಎದೆಯಲ್ಲಿ ಬೇಕಾದಷ್ಟು ಹಾಲಿದ್ದರೂ ಮಗು ಹಸಿದೇ ಇರುತ್ತದೆ.

ಉಪಾಯವಿಲ್ಲದಿಲ್ಲ. ಎದೆಹಾಲನ್ನು ಹಿಂಡಿ ತೆಗೆದು, ಮಗುವನ್ನು ನೆಟ್ಟಗೆ ಎತ್ತಿ ಹಿಡಿದು, ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಿಂದ ಅಥವಾ ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಿ, ನಡುನಡುವೆ ತೇಗಿಸಬೇಕು. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿಯೂ, ಅಂಗುಳದ್ದು 9ರಿಂದ 18 ತಿಂಗಳಲ್ಲಿಯೂ ಆಗುತ್ತದೆ. ಅದುವರೆಗೆ ಮಗುವಿನ ತೂಕ ಏರುತ್ತಿರಬೇಕು.

ಈಗ ತಾಯಿಯ ಲೆಕ್ಕವನ್ನು ನೋಡೋಣ. ಹಾಲು ಹಿಂಡಲು, ಕುಡಿಸಲು, ಪಾತ್ರೆಗಳನ್ನು ತೊಳೆದು ಕುದಿಸಲು ಒಮ್ಮೆಗೆ ಒಂದು ಗಂಟೆಯೆಂದಿಟ್ಟುಕೊಳ್ಳಿ. ದಿನಕ್ಕೆ 8 ಸಲವೆಂದರೆ 8 ಗಂಟೆ. ಕಚೇರಿಯ ಗುಮಾಸ್ತರ ಇಡೀ ದಿನದ ದುಡಿಮೆ! ಗುಮಾಸ್ತರಿಗೆ ರಾತ್ರಿಯ ನಿದ್ರೆಯೂ ಭಾನುವಾರವೂ ಉಂಟು. ಬಾಣಂತಿಗೆ ಎರಡೂ ಇಲ್ಲ.

ಇದರ ಮೇಲೆ ನಿಂದೆ ಬೇರೆ. "ಗ್ರಹಣದ ದಿನ ಈಳಿಗೆಮಣೆ ಮುಟ್ಟಬೇಡವೆಂದರೆ ಕೇಳಿದೆಯೇನೆ?" ಎಂಬ ಅತ್ತೆಯರ ಮಾತನ್ನು ನಾನೇ ಕೇಳಿದ್ದೇನೆ. ಒಂದೇ ಗ್ರಹಣ ಲಕ್ಷಾಂತರ ಗರ್ಭಿಣಿಯರ ಮೇಲೆ ಹಾದುಹೋಗುತ್ತದೆ. ಅವರ ಮಕ್ಕಳಿಗೆಲ್ಲ ತುಟಿ ಸೀಳುವುದೇ? ತುಟಿ ಅಂಗುಳಗಳು ಕೂಡಿಕೊಳ್ಳುವುದು ಗರ್ಭದ ಮೊದಲ 12 ವಾರಗಳೊಳಗೆ. ವಂಶವಾಹಿಗಳೂ ಇತರ ಹಲವು ಕಾರಣಗಳೂ ಸೇರಿ ಅಲ್ಲಿ ವ್ಯತ್ಯಾಸವಾಗುತ್ತದೆ. ಈಳಿಗೆಮಣೆಗೆ ಅಲ್ಲಿ ಪ್ರವೇಶವೇ ಇಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ನಿಂದೆಯನ್ನು ನಿಲ್ಲಿಸುವುದು. ಎರಡನೆಯದು, ದುಡಿಮೆಯನ್ನು ಹಂಚಿಕೊಳ್ಳುವುದು. ಹಾಲು ಹಿಂಡಿಕೊಡುವವಳು ತಾಯಿಯೊಬ್ಬಳೇ. ಆದರೆ ಒಳಲೆ ಹಿಡಿಯಲು ಕಲಿತರೆ ತಂದೆಯೂ ಅಜ್ಜಿಯೂ ಕುಡಿಸಬಲ್ಲರು. ರಾತ್ರಿಯ ಒಂದು ಸರದಿ ತಂದೆಯದಾದರೆ ತಾಯಿಗೆ ನಾಲ್ಕು ಗಂಟೆಯ ನಿದ್ರೆ ದೊರೆತೀತು. ಮೂರನೆಯದು, ಅವಳ ಮನಸ್ಸನ್ನು ಗಮನಿಸುವುದು. ಅಳು, ನಿರಾಶೆ, ಮಗುವಿದ್ದರೂ ನಿದ್ರೆ ಬಾರದಿರುವುದು ಎರಡು ವಾರಗಳನ್ನು ಮೀರಿದರೆ ಅದು ಬಾಣಂತನದ ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ತನ್ನ ಮೇಲೆಯೋ ಮಗುವಿನ ಮೇಲೆಯೋ ಕೈಮಾಡುವ ಮಾತು ಬಂದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಣಂತಿಯ ಮನೆಗೆ ಹೋದಾಗ "ಮಗು ಎಷ್ಟು ಕುಡಿಯಿತು?" ಎಂದು ಎಲ್ಲರೂ ಕೇಳುತ್ತಾರೆ. "ನೀನು ಉಂಡೆಯಾ, ಮಲಗಿದೆಯಾ?" ಎಂಬ ಪ್ರಶ್ನೆಯನ್ನು ನಮ್ಮ ಸಹಪಾಠಿಗಳಾದರೂ ಕೇಳಲಿ, ಕೇಳಿ ಸುಮ್ಮನಾಗದೆ, ಅವಳು ಮಲಗುವಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳಲಿ.